ತಮ್ಮನ ಎದುರು ಓದಬಲ್ಲಿರಾ?

ಪ್ರಿಯ ಸಹೋದರಿ,

‘ನಂಬಿಕೆಯಿಂದ ದೂರವಾದ ತಮ್ಮನಿಗಾಗಿ’ ಎಂದು ಪ್ರಕಟಣೆಗೆ ಕಳಿಸಿದ ನಿಮ್ಮ ಪ್ರಾರ್ಥನಾ ಬರಹ ತಲುಪಿತು. ಭಾಷೆ ಶುದ್ಧವಾಗಿದೆ, ದುಃಖ ನಿಜವಾದದ್ದು. ಆದರೂ ಓದುತ್ತಾ ನನಗೆ ಸಿಟ್ಟು ಬಂತು.

ಮೊದಲ ಸಾಲು: ‘ಕರ್ತನೇ, ಲೋಕದ ಮೋಹಕ್ಕೆ ಬಿದ್ದ ಇವನ ಕಲ್ಲೆದೆಯನ್ನು ಒಡೆ.’ ಅವನದು ಕಲ್ಲೆದೆ ಎಂದು ನಿಮಗೆ ಹೇಳಿದವರು ಯಾರು? ಅಪ್ಪ ತೀರಿಕೊಂಡ ಮೇಲೆ ಅವನು ಚರ್ಚಿಗೆ ಬರುವುದನ್ನು ಬಿಟ್ಟ ಎಂದು ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ. ನೋವನ್ನು ಮೋಹ ಎಂದು ಕರೆದುಬಿಟ್ಟಿರಿ. ಎರಡನೇ ಸಾಲು: ‘ನಾವು ಕಲಿಸಿದ್ದನ್ನೆಲ್ಲ ಇವನು ಮರೆತ.’ ಇದು ದೇವರ ಮುಂದೆ ತಮ್ಮನ ಮೇಲೆ ಕೊಟ್ಟ ದೂರು. ಐದನೆಯದು: ‘ನಮ್ಮ ಮನೆತನದ ಮಾನ ಉಳಿಸು.’ ಇಲ್ಲಿಗೆ ತಮ್ಮನೇ ಪ್ರಾರ್ಥನೆಯಿಂದ ಹೊರಬಿದ್ದ. ಶಿಷ್ಯ ಪೇತ್ರನು ತನ್ನನ್ನು ಅಲ್ಲಗಳೆಯುವನೆಂದು ತಿಳಿದೂ ಯೇಸು ಬೇಡಿಕೊಂಡದ್ದು ಅವನ ನಂಬಿಕೆ ಕುಂದದಿರಲಿ ಎಂದು. ಅದನ್ನು ಅವನಿಗೇ ಹೇಳಿದ (ಲೂಕ 22:32). ನಿಮ್ಮ ಸಾಲುಗಳನ್ನು ತಮ್ಮನ ಎದುರು ಓದಬಲ್ಲಿರಾ?

ಹಿಂದೆ ನನಗೂ ಹೀಗೇ ಕೇಳಿದವರಿದ್ದರು. ಬರೆಯಲು ಕಲಿಯುತ್ತಿದ್ದ ಕಾಲ. ಆರಾಧನೆಗೆ ಬರುವುದನ್ನು ನಿಲ್ಲಿಸಿದ್ದ ನನ್ನ ಅಣ್ಣನ ಬಗ್ಗೆ ಇಂಥದ್ದೇ ಒಂದನ್ನು ಬರೆದು ಹಿರಿಯ ಸಂಪಾದಕರ ಕೈಗಿತ್ತೆ. ಅವರು ಹಾಳೆ ಮಡಚಿ, ‘ಇದನ್ನು ನಿಮ್ಮಣ್ಣ ಓದಿದ್ದಾರಾ?’ ಎಂದರು. ಇಲ್ಲ ಎಂದೆ. ‘ಹಾಗಾದರೆ ನಾನೂ ಓದಿಲ್ಲ’ ಎಂದು ವಾಪಸು ಕೊಟ್ಟರು. ಎರಡು ವಾರ ಅದನ್ನು ಮುಟ್ಟಲಾಗಲಿಲ್ಲ. ಆಮೇಲೆ ‘ಅವನು’ ಎಂದಿದ್ದ ಕಡೆಯಲ್ಲೆಲ್ಲ ಅಣ್ಣನ ಹೆಸರು ಹಾಕಿ ಗಟ್ಟಿಯಾಗಿ ಓದಿದೆ. ಅರ್ಧಕ್ಕರ್ಧ ಸಾಲು ಬಾಯಿಂದ ಹೊರಡಲೇ ಇಲ್ಲ. ಹೊರಟಷ್ಟನ್ನು ಮಾತ್ರ ಉಳಿಸಿಕೊಂಡೆ.

ಇನ್ನು ಸಂತ ಮೋನಿಕಾ: ಮುಂದೆ ಕ್ರೈಸ್ತ ಸಂತನಾದ ಅಗಸ್ಟೀನನ ತಾಯಿ, ದೂರವಾದ ಮಗನಿಗಾಗಿ ವರ್ಷಗಟ್ಟಲೆ ಬೇಡಿದವಳು. ‘ಅವಳು ಕಣ್ಣೀರಿಟ್ಟಳು, ಮಗ ಅಗಸ್ಟೀನ್ ತಿರುಗಿ ಬಂದ’ ಎಂದು ಒಂದೇ ಉಸಿರಿಗೆ ಮುಗಿಸಿದ್ದೀರಿ. ನಡುವಿನ ಆ ರಾತ್ರಿ ಎಲ್ಲಿ ಹೋಯಿತು? ಕ್ರಿ.ಶ. 383ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ, ಗೆಳೆಯನನ್ನು ಬೀಳ್ಕೊಡಬೇಕು ಎಂದು ತಾಯಿಗೆ ಸುಳ್ಳು ಹೇಳಿ ಅವನು ರೋಮಿನ ಹಡಗು ಹತ್ತಿದ. ಮಗ ಹೋಗದಿರಲಿ ಎಂದು ಅವಳು ಹತ್ತಿರದಲ್ಲೇ, ಸಂತ ಸಿಪ್ರಿಯನ್ ಸ್ಮಾರಕ ಮಂದಿರದಲ್ಲಿ, ಇರುಳೆಲ್ಲ ಬೇಡುತ್ತಿದ್ದಳು. ಬೆಳಗಾದಾಗ ಮಗನಿಲ್ಲ. ಬೇಡಿದ್ದು ಸಿಗಲಿಲ್ಲ. ಆದರೆ ಅವಳು ತಡೆಯಲು ಬೇಡಿದ ಆ ಪ್ರಯಾಣವೇ ಅವನನ್ನು ಮುಂದೆ ಮಿಲಾನಿನಲ್ಲಿ ಬಿಷಪ್ ಅಂಬ್ರೋಸರ ಬಳಿಗೆ ಒಯ್ದಿತು. 387ರಲ್ಲಿ ಅವರ ಕೈಯಲ್ಲೇ ದೀಕ್ಷಾಸ್ನಾನವಾಯಿತು. ನಿಮ್ಮಂತೆ ಕಾಯುತ್ತಿರುವ ಓದುಗರಿಗೆ ಬೇಕಾದದ್ದು ಹಡಗು ಹೋಗಿಬಿಟ್ಟ ಆ ಬೆಳಗು. ಅದನ್ನೇ ಹಾರಿಸಿದ್ದೀರಿ.

ಈ ಬರಹವನ್ನು ಈಗ ಪ್ರಕಟಿಸುವುದಿಲ್ಲ. ಆದರೆ ಕೊನೆಯ ಪುಟದಲ್ಲಿ ಒಂದು ಸಾಲಿದೆ: ‘ಅವನು ಈಗಲೂ ಪ್ರತಿ ಭಾನುವಾರ ಅಮ್ಮನನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ಆರಾಧನೆ ಮುಗಿಯುವ ತನಕ ಹೊರಗೇ ಕಾಯುತ್ತಾನೆ.’ ಇದನ್ನು ನಾನು ನಾಲ್ಕು ಸಲ ಓದಿದೆ. ಇಲ್ಲಿಂದ ಶುರುಮಾಡಿ. ಅಷ್ಟು ಹೊತ್ತು ಅವನು ಅಲ್ಲಿ ಏನು ಮಾಡುತ್ತಾನೆ? ಒಳಗಿನ ಹಾಡು ಅವನಿಗೆ ಕೇಳಿಸುತ್ತದೆಯೇ? ಅವನನ್ನೇ ಕೇಳಿ, ಬರೆದು ಕಳಿಸಿ.