ವಿಂಡೋಸ್ 11 ಹಾಕಿದ ಮೇಲೆ ಗೇಮ್ ತಡೆದು ತಡೆದು ಓಡುತ್ತಿದೆ, ಫಾರ್ಮ್ಯಾಟ್ ಮಾಡಿಸಲೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ವಿದ್ಯಾನಗರದಲ್ಲಿ ರೂಮ್. ಲ್ಯಾಪ್‌ಟಾಪ್ ನಾಲ್ಕು ವರ್ಷ ಹಳೆಯದು. ಇಂಟೆಲ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತು ಅಂತ ಹೋದ ವಾರ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಮೊದಲು ವ್ಯಾಲೊರಂಟ್ ಗೇಮ್‌ನಲ್ಲಿ 110 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬರುತ್ತಿತ್ತು. ಈಗ 50 ದಾಟುವುದಿಲ್ಲ, ನಡುನಡುವೆ ನಿಂತು ನಿಂತು ಓಡುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ, ಇಲ್ಲ ಅಂದ್ರೆ ಹೊಸದು ತಗೊಳ್ಳಿ ಅಂತಾರೆ. ಅಪ್ಪನ ಹತ್ತಿರ ದುಡ್ಡು ಕೇಳೋಕೆ ಮನಸ್ಸಿಲ್ಲ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹೋದ ತಿಂಗಳು 110 ಕೊಟ್ಟ ಲ್ಯಾಪ್‌ಟಾಪ್ ಒಂದೇ ವಾರದಲ್ಲಿ ಮುದಿಯಾಗುವುದಿಲ್ಲ, ಅಲ್ವಾ? ಶಕ್ತಿ ಅಲ್ಲೇ ಇದೆ, ಎಲ್ಲೋ ಒಂದು ಕಡೆ ದಾರಿ ಇಕ್ಕಟ್ಟಾಗಿದೆ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿರುತ್ತೀರಿ. ಹೊರಗೆ ಎಷ್ಟು ದೊಡ್ಡ ದಂಡು ಬಂದು ನಿಂತರೂ ಆ ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಬೇಕು. ಕಂಪ್ಯೂಟರ್‌ನಲ್ಲೂ ಹಾಗೆಯೇ. ಬೇರೆಲ್ಲ ಚುರುಕಾಗಿದ್ದು ಒಂದೇ ಭಾಗ ಇಕ್ಕಟ್ಟಾದರೂ ಇಡೀ ಗೇಮ್ ಅದರ ವೇಗಕ್ಕೆ ಇಳಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಕಿಂಡಿ ಯಾವುದು ಅಂತ ಮೊದಲು ಹುಡುಕೋಣ.

ಗೇಮ್ ಶುರು ಮಾಡಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಎರಡು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಡಿಸ್ಕ್ ಶೇ 100 ಮುಟ್ಟಿದೆಯಾ? ಮೆಮೊರಿ (ರ‍್ಯಾಮ್) ಶೇ 90 ದಾಟಿದೆಯಾ? ಎರಡು ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಕಾಣುತ್ತವೆ, ಒಂದು ಇಂಟೆಲ್‌ನದು, ಇನ್ನೊಂದು ಎನ್‌ವಿಡಿಯಾದು. ದುಡಿಯುತ್ತಿರುವುದು ಯಾವುದು?

ಇಂಟೆಲ್ ಬೆವರು ಸುರಿಸುತ್ತಾ ಎನ್‌ವಿಡಿಯಾ ಸುಮ್ಮನೆ ಕೂತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಗೇಮ್ ಆರಿಸಿ, ಹೈ ಪರ್ಫಾರ್ಮೆನ್ಸ್ ಅಂತ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲೂ ಒಮ್ಮೆ ನೋಡಿ. ಎನ್‌ವಿಡಿಯಾ ಹೆಸರಿನ ಜಾಗದಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ದರೆ ಸರಿಯಾದ ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್, ಕೂತಿಲ್ಲ. ಎನ್‌ವಿಡಿಯಾ ತಾಣದಿಂದಲೇ ಹೊಸ ಡ್ರೈವರ್ ಇಳಿಸಿಕೊಳ್ಳಿ. ಹಾಕುವಾಗ ಕ್ಲೀನ್ ಇನ್‌ಸ್ಟಾಲೇಷನ್ ಅನ್ನುವುದಕ್ಕೆ ಟಿಕ್ ಮಾಡಿ.

ಡ್ರೈವರ್ ವಿಷಯವನ್ನು ನಾನು ಒತ್ತಿ ಹೇಳಲು ಕಾರಣ ಇದೆ. 2025ರ ಅಕ್ಟೋಬರ್‌ನ ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ಕೆಲವು ಗೇಮ್‌ಗಳು ನಿಧಾನವಾದವು ಅಂತ ಎನ್‌ವಿಡಿಯಾ ತಾನೇ ಹೇಳಿ, ಅದಕ್ಕೆಂದೇ 581.94 ಅನ್ನುವ ಡ್ರೈವರ್ ಕೊಟ್ಟಿತು. 2021ರಲ್ಲಿ ವಿಂಡೋಸ್ 11 ಬಂದ ಹೊಸತರಲ್ಲಿ ಎಎಂಡಿ ರೈಜನ್ ಪ್ರೊಸೆಸರ್‌ಗಳಿಗೂ ಹೀಗೇ ಆಗಿತ್ತು. ಕೆಲವು ಇ-ಸ್ಪೋರ್ಟ್ಸ್ ಗೇಮ್‌ಗಳಲ್ಲಿ ಶೇ 10ರಿಂದ 15ರಷ್ಟು ವೇಗ ಹೋಗಬಹುದು ಅಂತ ಎಎಂಡಿ ಹೇಳಿತ್ತು. ಅದೇ ತಿಂಗಳು ಸರಿಪಡಿಸುವ ಅಪ್‌ಡೇಟ್ ಬಂತು. ಹಾಗಾಗಿ ನೀವೇ ಏನೋ ಕೆಡಿಸಿದಿರಿ ಅಂತ ಕೊರಗಬೇಡಿ. ಹೊಸ ಡ್ರೈವರ್ ಹಾಕಿದ ಮೇಲೆ ಮೊದಲ ಒಂದೆರಡು ಆಟ ಮತ್ತೆ ತಡೆಯಬಹುದು. ಗೇಮ್ ತನ್ನ ಶೇಡರ್‌ಗಳನ್ನು (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಅಷ್ಟಕ್ಕೇ ಗಾಬರಿಯಾಗಿ ಇನ್ನೇನೋ ಬದಲಿಸಬೇಡಿ.

ಡಿಸ್ಕ್ 100ರಲ್ಲೇ ನಿಂತಿದ್ದರೆ? ಅಪ್‌ಗ್ರೇಡ್ ಆದ ಮೇಲೆ ವಿಂಡೋಸ್‌ಗೆ ಹಿಂದಿನಿಂದ ಬಹಳ ಕೆಲಸ ಇರುತ್ತದೆ. ಫೈಲ್‌ಗಳ ಪಟ್ಟಿ ಮಾಡುವುದು, ವೈರಸ್ ಹುಡುಕುವುದು ಹೀಗೆ. ಕಾಲೇಜು ಮುಗಿಸಿ ಬಂದು ಆಡಲು ಮಾತ್ರ ಆನ್ ಮಾಡುವವರಿಗೆ ಆ ಕೆಲಸ ಆಟದ ಹೊತ್ತಿಗೇ ಅಡ್ಡ ಬರುತ್ತದೆ. ಒಂದು ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್ ಆಗದ ಹಾಗೆ ಬಿಟ್ಟು ಮಲಗಿ.

ಇನ್ನೊಂದು ವಿಷಯ ತುಂಬ ಜನ ಮರೆಯುತ್ತಾರೆ. ಫ್ಯಾನ್, ಪವರ್ ನೋಡಿಕೊಳ್ಳಲು ಲ್ಯಾಪ್‌ಟಾಪ್ ಕಂಪನಿಯ ಆ್ಯಪ್ ಇರುತ್ತದೆ, ನೋಡಿ. ಅಪ್‌ಗ್ರೇಡ್ ಆದ ಮೇಲೆ ಅದು ಕೈಕೊಟ್ಟಿದ್ದರೆ ಗ್ರಾಫಿಕ್ಸ್‌ಗೆ ಪೂರ್ತಿ ವಿದ್ಯುತ್ ಸಿಗುವುದಿಲ್ಲ. ಅದನ್ನು ಹೊಸದಾಗಿ ಹಾಕಿ. ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ನಲ್ಲಿರಲಿ. ಆಡುವಾಗ ಚಾರ್ಜರ್ ಬೇಕೇ ಬೇಕು. ಹಾಸಿಗೆಯ ಮೇಲಿಟ್ಟು ಆಡಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ.

ಮೆಮೊರಿ ಇಕ್ಕಟ್ಟಾಗಿದ್ದರೆ ಮೊದಲು ಬ್ರೌಸರ್, ಡಿಸ್ಕಾರ್ಡ್ ಮುಚ್ಚಿ ಆಡಿ ನೋಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡು ಸ್ಲಾಟ್‌ನಲ್ಲಿ ಒಂದೇ ತುಂಬಿದೆ ಅಂತ ತೋರಿಸಿದರೆ ಇನ್ನೊಂದು 8 ಜಿಬಿ ಹಾಕಿಸಬಹುದು. ಜಾಗ ಜಾಸ್ತಿಯಾಗುವುದರ ಜೊತೆಗೆ ಪ್ರೊಸೆಸರ್‌ಗೆ ಒಂದರ ಬದಲು ಎರಡು ದಾರಿ ಸಿಗುತ್ತದೆ. ದುಡ್ಡು ಹಾಕಲೇಬೇಕು ಅನ್ನಿಸಿದರೆ ನನ್ನ ಮಟ್ಟಿಗೆ ಇಲ್ಲೇ ಹಾಕಬೇಕು.

ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ಅಂತ ಗೆಳೆಯರು ಹೇಳಬಹುದು. ಅದರಿಂದ ಕೆಲವು ಯಂತ್ರಗಳಲ್ಲಿ ವೇಗ ಸಿಗುವುದು ನಿಜ, ಮೈಕ್ರೋಸಾಫ್ಟ್ ಕೂಡ ಒಪ್ಪಿದೆ. ಆದರೆ ಅದು ಕಾವಲಿನ ಬಾಗಿಲು. ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ವ್ಯವಹಾರವೂ ಇದ್ದರೆ ನಾನಂತೂ ತೆಗೆಯುವುದಿಲ್ಲ. ಸೆಕ್ಯೂರ್ ಬೂಟ್, ಟಿಪಿಎಂ ಅನ್ನುವ ಇನ್ನೆರಡು ಭದ್ರತಾ ವ್ಯವಸ್ಥೆಗಳನ್ನು ಮುಟ್ಟಲೇಬೇಡಿ. ವಿಂಡೋಸ್ 11ರಲ್ಲಿ ಅವಿಲ್ಲದೆ ವ್ಯಾಲೊರಂಟ್ ತೆರೆಯುವುದೇ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲ ಪ್ರಾಕ್ಟೀಸ್ ರೇಂಜ್‌ನಲ್ಲಿ ಐದು ನಿಮಿಷ ಆಡಿ, ಎಫ್‌ಪಿಎಸ್ ಬರೆದಿಡಿ. ಐದಾರು ಬದಲಾವಣೆ ಒಟ್ಟಿಗೆ ಮಾಡಿದರೆ ಸರಿಯಾದದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ. ಇಷ್ಟೂ ಆಗಿ ಏನೂ ಆಗದಿದ್ದರೆ ಆಗ ಫಾರ್ಮ್ಯಾಟ್ ಸರಿ. ಪ್ರಾಜೆಕ್ಟ್ ಫೈಲ್‌ಗಳನ್ನು ಮೊದಲು ಬೇರೆ ಕಡೆ ಇಡಿ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಅಂಗಡಿ ಇದೆ. ಬಿಲ್ಲಿಂಗ್ ಕಂಪ್ಯೂಟರ್‌ನಲ್ಲೇ ಸಂಜೆ ಮಗ ಗೇಮ್ ಆಡುತ್ತಾನೆ. ವಿಂಡೋಸ್ 11 ಆದ ಮೇಲೆ ಆಟ ನುಣುಪಾಗಿಲ್ಲ, ಹಳೆಯದಕ್ಕೇ ವಾಪಸ್ ಹೋಗೋಣ ಅಂತಾನೆ. ಹೋಗಬಹುದಾ?

ಉತ್ತರ: ಅಪ್‌ಗ್ರೇಡ್ ಆಗಿ 10 ದಿನದ ಒಳಗಾದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಇರುತ್ತದೆ. ಆದರೆ ಅಂಗಡಿ ಲೆಕ್ಕ ಇರುವ ಯಂತ್ರ ಅಂದಿರಿ, ಹೋಗಬೇಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದವರಿಗೆ ಮಾತ್ರ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಸಿಗುತ್ತದೆ. ಅದರ ಬದಲು ಮಗನಿಗೆ ಹೇಳಿ, ಅಡ್ವಾನ್ಸ್ಡ್ ಡಿಸ್‌ಪ್ಲೇನಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಪರದೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ) ನೋಡಲಿ. ನಿಮ್ಮ ಮಾನಿಟರ್ 144 ಹರ್ಟ್ಸ್‌ನದಾಗಿದ್ದು ಅಲ್ಲಿ 60 ಅಂತಿದ್ದರೆ, 144 ಮಾಡಿದ ತಕ್ಷಣ ಕಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತದೆ.