ಮೂರು ವರ್ಷದ ಮಗು ಹತ್ತೇ ನಿಮಿಷಕ್ಕೆ ಆಟ ಬಿಟ್ಟು ಏಳುತ್ತದೆ, ದಿನಕ್ಕೊಂದು ಹೊಸ ಚಟುವಟಿಕೆ ಎಲ್ಲಿಂದ ತರಲಿ?

ಎಲ್ಲಿಂದಲೂ ತರಬೇಡಿ. ಮನೆಯಲ್ಲೇ ಬೇಯಿಸಿ ಮಾಡಿದ ಆಟದ ಹಿಟ್ಟೂ (ಪ್ಲೇ ಡೋ) ಹತ್ತು ನಿಮಿಷಕ್ಕೆ ಮುಗಿಯುತ್ತದೆ ಎಂದು ಬರೆದಿದ್ದೀರಲ್ಲ, ನಾನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಮಗುವಿಗೆ ಬೇಸರ ಬಂದಿದೆ ಅಂದುಕೊಂಡು ಹೊಸ ಆಟ ಹುಡುಕುತ್ತಾ ಹೋದೆ. ತಪ್ಪು ಇದ್ದದ್ದು ಹಿಟ್ಟಿನಲ್ಲಿ.

ನಾನು ಮಾಡಿದ್ದಿಷ್ಟು. ಹಿಟ್ಟನ್ನು ಒಲೆಯಿಂದ ಇಳಿಸಿದ ಕೂಡಲೇ ಮುಟ್ಟಿ ನೋಡಿದೆ, ಕೈಗೆ ಅಂಟಿತು. ನೀರು ಜಾಸ್ತಿಯಾಗಿದೆ ಎಂದು ಎರಡು ಹಿಡಿ ಮೈದಾ ಸುರಿದು ನಾದಿದೆ. ಆಗ ಚೆನ್ನಾಗೇ ಕಂಡಿತು. ಅರ್ಧ ಗಂಟೆ ಕಳೆದ ಮೇಲೆ ಅದನ್ನು ಹೊಸೆದರೆ ಎಳೆ ಬರುವ ಬದಲು ತುಂಡು ತುಂಡಾಗಿ ಉದುರುತ್ತಿತ್ತು. ಬಿಸಿ ಹಿಟ್ಟು ಯಾವಾಗಲೂ ಅಂಟುತ್ತದೆ. ಮೈದಾದಲ್ಲಿರುವ ಪಿಷ್ಟ ಕಾವಿಗೆ ನೀರು ಕುಡಿದು ಉಬ್ಬಿ ಅಂಟಾಗುತ್ತದೆ, ಆರುತ್ತಾ ಬಂದಂತೆ ಗಟ್ಟಿಯಾಗಿ ಕೈ ಬಿಡುತ್ತದೆ. ಆರಲು ಬೇಕಾದ ಹದಿನೈದು ನಿಮಿಷ ಕಾಯದೆ ಹಾಕಿದ ಮೈದಾ ಹಸಿಯದು. ಅದು ಬೇಯುವುದಿಲ್ಲ, ಉಬ್ಬುವುದಿಲ್ಲ, ಪಕ್ಕದ ಬೆಂದ ಹಿಟ್ಟಿನ ತೇವವನ್ನು ಎಳೆದುಕೊಂಡು ಎಲ್ಲವನ್ನೂ ಒಣಗಿಸುತ್ತದೆ. ಜೊತೆಗೆ ಹಸಿ ಹಿಟ್ಟಿನಲ್ಲಿ ರೋಗಾಣುಗಳೂ ಇರಬಹುದು, ಅದು ಮಗುವಿನ ಬಾಯಿಗೆ ಹೋಗಬಾರದು. ಮಾಡಿದ ಹಾವು ಮೂರು ಸಲ ಮುರಿದರೆ ಯಾವ ಮಗು ತಾನೇ ಕೂತೀತು?

ಸರಿಯಾದ ಅಳತೆ ಹೇಳುತ್ತೇನೆ. ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, ಎರಡು ಟೀ ಚಮಚ ಕ್ರೀಮ್ ಆಫ್ ಟಾರ್ಟರ್ (ಕೇಕ್ ಮಾಡಲು ಬಳಸುವ ಹುಳಿ ಪುಡಿ), ಒಂದು ದೊಡ್ಡ ಚಮಚ ಎಣ್ಣೆ, ಒಂದು ಕಪ್ ನೀರು. ಎಲ್ಲಕ್ಕೂ ಒಂದೇ ಕಪ್. ಕಲ್ಲುಪ್ಪು ಹಾಕಬೇಡಿ, ಪೂರ್ತಿ ಕರಗದೆ ಮರಳಿನಂತೆ ಕೈಗೆ ಸಿಗುತ್ತದೆ. ಕ್ರೀಮ್ ಆಫ್ ಟಾರ್ಟರ್ ಸಿಗದಿದ್ದರೆ ಎರಡು ದೊಡ್ಡ ಚಮಚ ನಿಂಬೆರಸ ಹಾಕಿ, ಅಷ್ಟೇ ನೀರು ಕಡಿಮೆ ಮಾಡಿ. ತಿನ್ನುವ ಬಣ್ಣವನ್ನು ನೀರಿಗೇ ಬೆರೆಸಿ. ಕೊನೆಯಲ್ಲಿ ಹಾಕಿದರೆ ಹಿಟ್ಟಿಗಿಂತ ಕೈಗೇ ಹೆಚ್ಚು ಹತ್ತುತ್ತದೆ.

ಒಲೆ ಹೊತ್ತಿಸುವ ಮೊದಲೇ ಎಲ್ಲವನ್ನೂ ತಣ್ಣಗಿರುವಾಗ ಗಂಟಿಲ್ಲದಂತೆ ಕಲಸಿ. ಈ ಅಳೆಯುವ, ಕಲಸುವ ಕೆಲಸ ಮಗುವಿನದೇ ಆಗಲಿ, ಒಲೆಯ ಕೆಲಸ ನಿಮ್ಮದು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಮೊದಲು ತಳದಲ್ಲಿ, ಅಂಚಿನಲ್ಲಿ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ, ಕೆಟ್ಟುಹೋಯಿತು ಅನಿಸುತ್ತದೆ. ಹೆದರಬೇಡಿ. ಮೂರರಿಂದ ಐದು ನಿಮಿಷದಲ್ಲಿ ಎಲ್ಲ ಒಟ್ಟಾಗಿ ಒಂದೇ ಮುದ್ದೆಯಾಗಿ ಪಾತ್ರೆಯ ಬದಿ ಬಿಡುತ್ತದೆ, ಮೇಲಿನ ಹೊಳಪು ಹೋಗುತ್ತದೆ. ಆಗ ಬಟಾಣಿಯಷ್ಟು ತೆಗೆದು ತಟ್ಟೆಯ ಮೇಲಿಡಿ. ಒಂದು ನಿಮಿಷ ಬಿಟ್ಟು ಬೆರಳುಗಳ ನಡುವೆ ಉರುಳಿಸಿ. ಅಂಟದೆ ಗುಂಡಗೆ ಬಂದರೆ ಇಳಿಸಿ. ತಣಿದ ಮೇಲೂ ಅಂಟಿದರೆ ಇನ್ನೊಂದು ನಿಮಿಷ ಬೇಯಿಸಿ. ಮೈದಾ ಮಾತ್ರ ಸೇರಿಸಬೇಡಿ. ಇಳಿಸಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಹದಿನೈದು ನಿಮಿಷ ಬಿಡಿ, ಉಗುರುಬೆಚ್ಚಗಾದಾಗ ಚೆನ್ನಾಗಿ ನಾದಿ. ಗಾಳಿಯಾಡದ ಡಬ್ಬದಲ್ಲಿಟ್ಟರೆ ಕೆಲವು ವಾರ ಇರುತ್ತದೆ. ಉಪ್ಪು ಗಾಳಿಯ ತೇವ ಎಳೆದು ಮೇಲ್ಮೈ ಬೆವರಿದಂತಾದರೆ ಒರೆಸಿ ನಾದಿದರೆ ಸಾಕು, ಬೂಸ್ಟು ಬಂದರೆ ಅಥವಾ ವಾಸನೆ ಬಂದರೆ ಎಸೆಯಿರಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೂಕ ಉಪ್ಪಿನದೇ. 20 ಗ್ರಾಂ ಉಂಡೆ ನುಂಗಿದರೆ 5 ಗ್ರಾಂಗೂ ಮಿಕ್ಕಿ ಉಪ್ಪು ಹೊಟ್ಟೆಗೆ ಹೋದಂತೆ. ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಉಪ್ಪು ಬಿಟ್ಟು, ಮೈದಾ, ನೀರು, ಎಣ್ಣೆಯಷ್ಟೇ ಹಾಕಿ ಬೇಯಿಸಿ, ಅಂದೇ ಬಳಸಿ ಅಂದೇ ಎಸೆಯಿರಿ. ನಾಯಿಗೂ ಉಪ್ಪಿನ ಹಿಟ್ಟು ಅಪಾಯ, ನೆಲದ ಮೇಲೆ ಬಿಡಬೇಡಿ.

ಅಡುಗೆಯಲ್ಲೂ ಇದೇ ಕಥೆ. ಬಾಳೆಹಣ್ಣು ಹೆಚ್ಚಲು ಕೊಟ್ಟರೂ ಮಗು ಬಿಟ್ಟು ಹೋಗುತ್ತದೆ ಅಂದಿದ್ದೀರಿ. ಮಣೆ ಜಾರುತ್ತಿದೆಯೇ ನೋಡಿ, ಅಡಿಗೆ ಒದ್ದೆ ಬಟ್ಟೆ ಹಾಸಿ. ಹಣ್ಣು ಉರುಳುತ್ತಿದ್ದರೆ ನೀವೇ ಮೊದಲು ಉದ್ದಕ್ಕೆ ಸೀಳಿ, ಚಪ್ಪಟೆ ಭಾಗ ಕೆಳಗೆ ಮಾಡಿ ಕೊಡಿ. ಬೆಣ್ಣೆ ಹಚ್ಚುವ ಮೊಂಡು ಚಾಕು ಸಾಕು. ಕೆಲಸದ ಜಾಗ ಮಗುವಿನ ಮೊಣಕೈ ಎತ್ತರಕ್ಕಿರಬೇಕು. ಎದೆಯವರೆಗೆ ಬಂದರೆ ಒತ್ತಲು ಬಲ ಸಿಗುವುದಿಲ್ಲ, ಭುಜ ಸೋಲುತ್ತದೆ. ಸ್ಟೂಲು ಹತ್ತಿಸುವುದಕ್ಕಿಂತ ಕುಳ್ಳ ಮೇಜು ನನಗೆ ಇಷ್ಟ. ದ್ರಾಕ್ಷಿಯನ್ನು ಮಾತ್ರ ನೀವೇ ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ, ಇಡಿಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನೀರು ಸುರಿಯುವ ಆಟಕ್ಕೆ ಸಣ್ಣ ಜಗ್ಗಿನಲ್ಲಿ ಅರ್ಧ ಕಪ್ ನೀರು ಸಾಕು, ಕೆಳಗೊಂದು ತಟ್ಟೆ ಇರಲಿ. ಎರಡು ಪಾಲು ಕಾರ್ನ್ ಫ್ಲೋರ್‌ಗೆ ಒಂದು ಪಾಲು ನೀರು ಬೆರೆಸಿದರೆ ಗುದ್ದಿದಾಗ ಗಟ್ಟಿ, ಬಿಟ್ಟಾಗ ನೀರಾಗುವ ಹಿಟ್ಟು ಸಿಗುತ್ತದೆ. ಅದನ್ನು ಸಿಂಕಿಗೆ ಚೆಲ್ಲಬೇಡಿ, ಕೊಳವೆಯಲ್ಲಿ ತಂಗಿ ಕಟ್ಟಿಕೊಳ್ಳುತ್ತದೆ. ಒಣಗಿಸಿ ಕಸಕ್ಕೆ ಹಾಕಿ. ಇವೆರಡೂ ಬೇಕೇ ಬೇಕು ಅಂತೇನಿಲ್ಲ. ಹದವಾದ ಹಿಟ್ಟು, ಒಂದು ಫೋರ್ಕು, ಒಂದು ಲೋಟ ಇದ್ದರೆ ಒಂದೇ ಆಟ ವಾರಗಟ್ಟಲೆ ನಡೆಯುತ್ತದೆ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುವುದು ಈ ವಯಸ್ಸಿನ ಮಕ್ಕಳಿಗೆ ಇಷ್ಟ, ಕೈ ಪಳಗುವುದೂ ಹಾಗೆಯೇ.

ಈಗ ನಿಮ್ಮ ಡಬ್ಬದಲ್ಲಿರುವ ಹಿಟ್ಟನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಸುತ್ತಿಕೊಂಡರೆ ಹಿಟ್ಟು ಸರಿಯಿದೆ, ಮೇಜಿನ ಎತ್ತರ ನೋಡಿ. ಸಣ್ಣಗೆ ಬಿರುಕು ಬಿಟ್ಟರೆ ಕೈ ಒದ್ದೆ ಮಾಡಿಕೊಂಡು ಐದು ನಿಮಿಷ ನಾದಿ. ಉದುರಿದರೆ, ಅದರಲ್ಲೂ ಕೊನೆಗೆ ಮೈದಾ ಸೇರಿಸಿದ್ದು ನೆನಪಿದ್ದರೆ, ಅದನ್ನು ಸರಿಮಾಡಲು ಹೋಗದೆ ಹೊಸದಾಗಿ ಬೇಯಿಸಿ.