ಓದುಗರ ಪ್ರಶ್ನೆ: ಅಂಗೈಯಗಲದ ರಥ, ಬೆರಳುದ್ದದ ಕುದುರೆ

ಪ್ರಶ್ನೆ: ಟೇಬಲ್ ಮೇಲೆ ಆಡುವ ಯುದ್ಧದಾಟಕ್ಕೆ ಈಜಿಪ್ಟಿನವರಿಗೂ ಹಿಟೈಟರಿಗೂ ನಡೆದ ಕಾದೇಶ್ ಕದನದ, 28 ಮಿ.ಮೀ. ಎತ್ತರದ ಸೈನಿಕರಿಗೆ ಹೊಂದುವ ಅಳತೆಯ ಲೋಹದ ರಥಗಳನ್ನು ತರಿಸಿದ್ದೇನೆ. ಜೋಡಿಸಿದ ಮೇಲೆ ಕುದುರೆಗಳ ನಡುವೆ ಬ್ರಷ್ ತೂರುವುದಿಲ್ಲ. ಮೈಬಣ್ಣವೂ ಸಪ್ಪೆ.
– ಗಂಗಾವತಿಯ ಓದುಗರು

ಉತ್ತರ: ಮೊದಲೇ ಜೋಡಿಸಿದ್ದೇ ತೊಡಕು. ಕುದುರೆ, ಗಾಡಿ, ಗಾಲಿ, ಸವಾರರು ಎಲ್ಲಕ್ಕೂ ಬಿಡಿಬಿಡಿಯಾಗಿ ಬಣ್ಣ ಮಾಡಿ, ಕೊನೆಗೆ ಕೂಡಿಸಿ. ಆದರೆ ಪ್ರೈಮರ್‌ಗೂ (ಬಣ್ಣ ಹಿಡಿಯಲು ಹಾಕುವ ತಳಪದರ) ಮೊದಲು ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಲೇಬೇಕು. ಮೂಕಿ ನೊಗಕ್ಕೆ ಕೂರದಿದ್ದರೆ ಆಗಲೇ ಬಗ್ಗಿಸಿ. ಬಣ್ಣವಾದ ಮೇಲೆ ಬಗ್ಗಿಸಿದರೆ ಪದರ ಬಿರಿಯುತ್ತದೆ. ಅಂಟು ಬೀಳುವ ಜಾಗವನ್ನು ಬರಿಲೋಹವಾಗಿಯೇ ಬಿಡಿ, ಇಲ್ಲವಾದರೆ ಬಣ್ಣದ ಸಮೇತ ಕಿತ್ತುಬರುತ್ತದೆ.

ಕುದುರೆಯ ಮೈಗೆ ಎಣ್ಣೆಬಣ್ಣದಷ್ಟು ಒಪ್ಪುವುದು ಬೇರೊಂದಿಲ್ಲ. ಕಿತ್ತಳೆ ಬೆರೆತ ತಿಳಿಗಂದು ಅಕ್ರಿಲಿಕ್ ಹಚ್ಚಿ ಒಂದು ದಿನ ಒಣಗಿಸಿ. ಅದರ ಮೇಲೆ ಬರ್ನ್ಟ್ ಅಂಬರ್ ಎಂಬ ಗಾಢಗಂದು ಎಣ್ಣೆಬಣ್ಣವನ್ನು ತೆಳ್ಳಗೆ ಬಳಿದು, ಹತ್ತು–ಹದಿನೈದು ನಿಮಿಷ ಬಿಟ್ಟು ಸ್ಪಂಜಿನ ಚೂರಿನಿಂದ ಒರೆಸಿ. ತೊಡೆ, ಎದೆ, ಕುತ್ತಿಗೆಯ ಉಬ್ಬುಗಳಲ್ಲಿ ತಿಳಿಬಣ್ಣ ಮೇಲೇಳುತ್ತದೆ, ಸಂದುಗಳಲ್ಲಿ ಗಾಢ ಉಳಿಯುತ್ತದೆ. ಟಿಶ್ಯೂ ಬೇಡ, ಎಳೆ ಅಂಟಿಕೊಳ್ಳುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಬಹಳ ನಿಧಾನ, ಹಾಗಾಗಿ ಕಪ್ಪಿಗೆ ಅಕ್ರಿಲಿಕ್ಕೇ ಸರಿ.

ಕಂದು ಕುದುರೆಗೆ ಕರಿ ಜೂಲು, ಕರಿ ಬಾಲ ಕೊಟ್ಟರೆ ಕಾಲಿನ ಕೆಳಭಾಗವೂ ಕಪ್ಪಾಗಬೇಕು. ಕೆಂಗಂದು ಕುದುರೆಗೆ ಎಲ್ಲೂ ಕಪ್ಪಿಲ್ಲ, ಜೂಲು ಮೈಬಣ್ಣದ್ದೇ ಅಥವಾ ಇನ್ನೂ ತಿಳಿ. ಇವೆರಡನ್ನು ಬೆರೆಸಿಬಿಟ್ಟರೆ ಕುದುರೆ ಬಲ್ಲವರ ಕಣ್ಣಿಗೆ ಮೊದಲು ಕುಕ್ಕುವುದೇ ಅದು.

ಪ್ರಶ್ನೆ: ಗಾಲಿಯ ಅಂಚಿಗೆ ಕಬ್ಬಿಣದ ಬಣ್ಣ ಕೊಡಬಹುದೇ?
– ಸಿಂಧನೂರಿನ ಓದುಗರು

ಉತ್ತರ: ಬೇಡ. ಕಾದೇಶ್ ಕದನ ಕ್ರಿ.ಪೂ. ಸುಮಾರು 1274ರದ್ದು, ಕಂಚಿನ ಯುಗ. ನಮ್ಮ ಎತ್ತಿನ ಗಾಡಿಗಿರುವಂಥ ಕಬ್ಬಿಣದ ಪಟ್ಟಿ ಈಜಿಪ್ಟಿನ ರಥಕ್ಕಿರಲಿಲ್ಲ. ಬಾಗಿಸಿದ ಮರ, ಅದಕ್ಕೆ ಹಸಿ ತೊಗಲಿನ ಸುತ್ತು. ಅಂಚಿಗೆ ಮಾಸಲು ಹಳದಿ ಕೊಡಿ. ಗಾಲಿಗೆ ಆರು ಅರ. ಅಚ್ಚು ಗಾಡಿಯ ನಡುವೆ ಅಲ್ಲ, ಹಿಂದಿನ ಅಂಚಿನಲ್ಲಿ. ಸವಾರರು ಇಬ್ಬರು. ಆ ಕದನದ ಹಿಟೈಟ್ ರಥಗಳಲ್ಲಿ ಮಾತ್ರ ಮೂವರು: ಸಾರಥಿ, ಗುರಾಣಿಯವನು, ಕಾದುವವನು.

ಪ್ರಶ್ನೆ: ಸ್ಪ್ರೇ ಪ್ರೈಮರ್ ಹೊಡೆದರೆ ಮೈ ಉಪ್ಪುಕಾಗದದಂತೆ ಒರಟಾಗುತ್ತದೆ.
– ಬಳ್ಳಾರಿಯ ಓದುಗರು

ಉತ್ತರ: ಬಳ್ಳಾರಿ ಬೇಸಿಗೆಯ ಮಧ್ಯಾಹ್ನ ಹನಿಗಳು ಗಾಳಿಯಲ್ಲೇ ಒಣಗಿ, ಪುಡಿಯಾಗಿ ಬಂದು ಕೂರುತ್ತವೆ. ಬೆಳಗಿನ ತಂಪಿನಲ್ಲಿ, 20 ಸೆಂ.ಮೀ. ದೂರದಿಂದ, ತೆಳ್ಳಗೆ ಎರಡು ಸಲ ಹೊಡೆಯಿರಿ. ಆಗಲೇ ಒರಟಾಗಿದ್ದರೆ ಇನ್ನೊಂದು ಪದರದಿಂದ ಮುಚ್ಚಲಾಗದು, ಕಿತ್ತೇ ತೆಗೆಯಬೇಕು. ಲೋಹಕ್ಕೆ ಅಸಿಟೋನ್ ನಡೆಯುತ್ತದೆ. ಪ್ಲಾಸ್ಟಿಕ್ ಬೊಂಬೆ ಕರಗಿಹೋಗುತ್ತದೆ.

ಪ್ರಶ್ನೆ: ಕೆಳಗಿನ ಪೀಠಕ್ಕೆ ನಮ್ಮ ಹೊಲದ ಎರೆಮಣ್ಣು ಆದೀತೇ?
– ಮಾನ್ವಿಯ ಓದುಗರು

ಉತ್ತರ: ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಫೆವಿಕಾಲ್ ಒಣಗುವಷ್ಟರಲ್ಲಿ ಪೀಠದ ಮೇಲೆ ಬಿರುಕು ಬಿಟ್ಟಿರುತ್ತದೆ. ಹೊಳೆಮರಳನ್ನು ತೊಳೆದು ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ ಅಂಟಿಸಿ. ಒಣಗಿದ ಮೇಲೆ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ ಮೇಲೆ ಹನಿಸಿದರೆ ಮರಳು ಉದುರದು. ಕಾದೇಶ್ ಇದ್ದದ್ದು ಒರಾಂಟಿಸ್ ನದಿಯ ದಂಡೆಯಲ್ಲಿ, ಇಂದಿನ ಸಿರಿಯಾದಲ್ಲಿ. ಆದ್ದರಿಂದ ಬರೀ ಮರುಭೂಮಿಯ ಹಳದಿ ಬಳಿಯದೆ ತಿಳಿಗಂದಿನ ಜೊತೆ ಅಲ್ಲಲ್ಲಿ ಹುಲ್ಲೂ ಇರಲಿ.